ಎಡ್ಜ್‌ವುಡ್‌ನಲ್ಲಿ ಅಜ್ಜಿಯ ಮುಲಾಮಿನ ವಾಸನೆ

ವಾಷಿಂಗ್ಟನ್‌ನಿಂದ ಬಾಲ್ಟಿಮೋರ್ ದಾಟಿ ಉತ್ತರಕ್ಕೆ ಹೋಗುವ ಮಾರ್ಕ್ ರೈಲಿನ ದಾರಿಯಲ್ಲಿ ಎಡ್ಜ್‌ವುಡ್ ಅಂತ ಒಂದು ಪುಟ್ಟ ನಿಲ್ದಾಣ ಬರುತ್ತೆ. ಮಕ್ಕಳನ್ನು ನೋಡೋಕೆ ಅಮೆರಿಕಕ್ಕೆ ಬರುವ ನಮ್ಮ ಅಪ್ಪ-ಅಮ್ಮಂದಿರನ್ನು ಯಾರೂ ಇಲ್ಲಿಗೆ ಕರೆತರುವುದಿಲ್ಲ. ಅವರಿಗೆ ನಯಾಗರಾ, ನ್ಯೂಯಾರ್ಕ್, ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ ಆದರೆ ಸಾಕು. ದೊಡ್ಡಪ್ಪನ ಮಗಳು ಅಲ್ಲಿ ಕೆಲಸ ಮಾಡದೇ ಇದ್ದಿದ್ದರೆ ನಾನೂ ಹೋಗುತ್ತಿರಲಿಲ್ಲ. 2025ರ ಅಕ್ಟೋಬರ್‌ನ ಒಂದು ಶುಕ್ರವಾರ ರಜೆ ಹಾಕಿ ಹೊರಟೆ. ಶನಿವಾರ, ಭಾನುವಾರ ಈ ರೈಲು ಅಷ್ಟು ದೂರ ಹೋಗೋದೇ ಇಲ್ಲ.

ಬಾಲ್ಟಿಮೋರ್ ಕಳೆದ ಮೇಲೆ ರೈಲು ಒಂದು ಅಗಲವಾದ ನದಿಯ ಮೇಲೆ ತಗ್ಗಾದ ಸೇತುವೆಯಲ್ಲಿ ಸಾಗುತ್ತೆ. ಎರಡೂ ಕಡೆ ನೀರು, ದೂರದಲ್ಲಿ ಕೆಂಪು-ಹಳದಿ ಮರಗಳು. ನದಿಯ ಹೆಸರು ಗನ್‌ಪೌಡರ್. ಸೇನೆ ಇಲ್ಲಿಗೆ ಬರುವ ಎಷ್ಟೋ ಕಾಲ ಮೊದಲೇ ಆ ಹೆಸರಿತ್ತಂತೆ. ಹೆಸರಿಗೆ ತಕ್ಕ ಹಾಗೆ 1917ರಲ್ಲಿ ಸೇನೆಯೂ ಬಂತು. ಮೊದಲನೇ ಮಹಾಯುದ್ಧಕ್ಕೆ ಬೇಕಾದ ಕ್ಲೋರಿನ್, ಫಾಸ್ಜೀನ್, ಮಸ್ಟರ್ಡ್ ಗ್ಯಾಸ್ ಇಲ್ಲೇ ತಯಾರಾಗಿ ಶೆಲ್‌ಗಳೊಳಗೆ ಸೇರುತ್ತಿದ್ದವು. ಫಾಸ್ಜೀನ್ ಅಂದ ಕೂಡಲೇ ನನಗೆ ನೆನಪಾಗೋದು ಭೋಪಾಲ್. 1984ರಲ್ಲಿ ಅಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ತಯಾರಿಸೋಕೆ ಫಾಸ್ಜೀನೇ ಬೇಕಿತ್ತು. ಇನ್ನು ಮಸ್ಟರ್ಡ್ ಗ್ಯಾಸ್ ಅನ್ನೋದಕ್ಕೂ ನಮ್ಮ ಒಗ್ಗರಣೆ ಸಾಸಿವೆಗೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ ಅದು ಗ್ಯಾಸ್ ಕೂಡ ಅಲ್ಲ, ಎಣ್ಣೆಯಂಥ ದ್ರವ.

ಈ ಊರಿನ ಇತಿಹಾಸ ಓದಿದರೆ ಹೆಮ್ಮೆಯೇನೂ ಆಗಲ್ಲ. 1955ರಿಂದ 1975ರವರೆಗೆ ಸುಮಾರು 7,000 ಸೈನಿಕರ ಮೇಲೆ ಇಲ್ಲಿ ರಾಸಾಯನಿಕಗಳ ಪ್ರಯೋಗ ನಡೆದಿತ್ತು. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೇಲಿಯೊಳಗೆ ದಶಕಗಟ್ಟಲೆ ಕೂತಿದ್ದ 1,600 ಟನ್‌ಗೂ ಹೆಚ್ಚು ಮಸ್ಟರ್ಡ್ ಅನ್ನು ಬಿಸಿನೀರಿನಲ್ಲಿ ಕಲಕಿ, ವಿಷ ಮುರಿದು, 2005ರಲ್ಲಿ ಖಾಲಿ ಮಾಡಿದರು. ಹೌದು, ಬಿಸಿನೀರೇ! 2014ರಲ್ಲಿ ಸಿರಿಯಾದ ಸುಮಾರು 600 ಟನ್ ರಾಸಾಯನಿಕವನ್ನು ಕೇಪ್ ರೇ ಎಂಬ ಹಡಗಿನ ಮೇಲೆ, ನಡುಸಮುದ್ರದಲ್ಲಿ ನಾಶ ಮಾಡಿದ ಯಂತ್ರ ರೂಪುಗೊಂಡಿದ್ದೂ ಇಲ್ಲೇ. ವಿಷ ಮಾಡಿದ ಊರಿಗೇ ವಿಷ ಕಾಯುವ ಕೆಲಸ ಬಂತು.

ಆ ಕೆಲಸದ ಒಂದು ತುಣುಕು ನನ್ನ ಅಕ್ಕನದು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡೋಕೆ ಬಂದವಳು, ಈಗ ಇಲ್ಲಿನ ಪ್ರಜೆ. ಅವಳ ಕಂಪನಿ ಸೇನೆಯ ಬೇಲಿಯ ಹೊರಗೆ, ಹಲ್ಲಿನ ಡಾಕ್ಟರ್ ಕ್ಲಿನಿಕ್ ಪಕ್ಕ, ಒಂದಂತಸ್ತಿನ ಇಟ್ಟಿಗೆ ಕಟ್ಟಡದಲ್ಲಿದೆ. ಒಟ್ಟು ಒಂಬತ್ತು ಜನ. ನಾನು ಸಿನಿಮಾದಲ್ಲಿ ನೋಡಿದಂಥ ಗಾಜಿನ ಗೋಪುರ ಊಹಿಸಿದ್ದೆ. ಇಲ್ಲಿ ಬಾಗಿಲಲ್ಲೇ ಒಂದು ಮೈಕ್ರೋವೇವ್, ಅದರ ಮೇಲೆ ಯಾರದೋ ಛತ್ರಿ.

ಲ್ಯಾಬ್ ಒಳಗೆ ನನ್ನನ್ನು ಬಿಡಲಿಲ್ಲ. "ನೀನು ಎಚ್-1ಬಿ ವೀಸಾದವನು ಕಣೋ, ರಫ್ತು ಕಾನೂನು ಅಡ್ಡ ಬರುತ್ತೆ. ಇಲ್ಲೇ ಕೂತ್ಕೋ, ಕಾಫಿ ಮಾಡ್ತೀನಿ," ಅಂದಳು. ಊಟದ ಕೋಣೆಯಲ್ಲಿ ಕೂತಿದ್ದಾಗ, ಲ್ಯಾಬ್ ಬಾಗಿಲು ತೆರೆದಾಗಲೆಲ್ಲ ಒಂದು ವಾಸನೆ. ಎಲ್ಲೋ ಮೂಸಿದ ವಾಸನೆ.

"ಅಕ್ಕಾ, ಇದು ಅಜ್ಜಿ ಮಂಡಿಗೆ ಹಚ್ಚಿಕೊಳ್ತಿದ್ದ ಮುಲಾಮಿನ ವಾಸನೆ ಅಲ್ವಾ?"

ಅವಳು ಜೋರಾಗಿ ನಕ್ಕಳು. ಅದೇ ಅಂತೆ. ಮುಲಾಮಿನ ಡಬ್ಬಿಯ ಮೇಲೆ ಗಂಧಪುರ ತೈಲ ಅಂತ ಬರೆದಿರುತ್ತಲ್ಲ, ಅದರಲ್ಲಿರೋದು ಮೀಥೈಲ್ ಸ್ಯಾಲಿಸಿಲೇಟ್. ಇಷ್ಟು ಚಿಕ್ಕ ಕಂಪನಿಗೆ ನಿಜವಾದ ವಿಷ ಯಾರೂ ಕೊಡಲ್ಲ, ಕೊಡಲೂಬಾರದು. ಮಸ್ಟರ್ಡ್ ಬದಲು ಈ ಎಣ್ಣೆಯಿಂದ ಪರೀಕ್ಷೆ ಮಾಡ್ತಾರೆ. ಅಸಲಿ ವಿಷದ ಎದುರು ಪರೀಕ್ಷೆ ಏನಿದ್ದರೂ ಬೇಲಿಯೊಳಗಿನ ಸೇನಾ ಪ್ರಯೋಗಾಲಯದಲ್ಲಿ.

ಅವಳ ಗುಂಪು ಮಾಡ್ತಿರೋದು ವಿಷಗಾಳಿ ಪತ್ತೆ ಹಚ್ಚುವ ಅಂಗೈ ಗಾತ್ರದ ಯಂತ್ರ. ಗಾಳಿಯನ್ನು ಒಳಗೆಳೆದು, ಅದರ ಕಣಗಳಿಗೆ ವಿದ್ಯುದಾವೇಶ ಕೊಟ್ಟು, ಒಂದು ಕೊಳವೆಯಲ್ಲಿ ಓಡಿಸ್ತಾರೆ. ಜಾತ್ರೆಯ ಜನಸಂದಣಿಯಲ್ಲಿ ಪುಟ್ಟ ಹುಡುಗ ಸಂದಿಯಲ್ಲಿ ನುಸುಳಿ ಮುಂದೆ ಹೋಗ್ತಾನೆ, ತಲೆ ಮೇಲೆ ಬುಟ್ಟಿ ಹೊತ್ತವರು ಹಿಂದೆ ಉಳೀತಾರೆ. ಹಾಗೇ ಇಲ್ಲೂ. ಕೊಳವೆಯ ಕೊನೆಗೆ ಯಾವ ಕಣ ಯಾವಾಗ ತಲುಪಿತು ಅನ್ನೋದರಿಂದ ಅದು ಏನು ಅಂತ ಅಂದಾಜು ಮಾಡಬಹುದು. ತೊಂದರೆ ಏನಂದ್ರೆ, ಒಂದೇ ಹೊತ್ತಿಗೆ ತಲುಪುವ ಬೇರೆ ಬೇರೆ ವಸ್ತುಗಳಿರ್ತವೆ. ಮಂಡಿನೋವಿನ ಮುಲಾಮು ಹಚ್ಚಿಕೊಂಡವರು ಪಕ್ಕದಲ್ಲಿ ಹಾದು ಹೋದರೂ ಯಂತ್ರ ಬಾಯಿ ಬಡಿದುಕೊಳ್ಳಬಹುದು.

ಇಲ್ಲಿ ನನಗೆ ನನ್ನ ಕೆಲಸ ನೆನಪಾಯ್ತು. ಸರ್ವರ್ ಕಾಯುವ ಪಾಳಿಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಬಡಿದುಕೊಂಡು, ಎದ್ದು ನೋಡಿದರೆ ಏನೂ ಆಗಿರಲ್ಲ. ಅಂಥದ್ದು ನಾಲ್ಕು ಸಲ ಆದರೆ ಐದನೇ ಸಲ ಕೈ ಫೋನಿನ ಕಡೆ ಹೋಗೋದೇ ಇಲ್ಲ. ಅಲ್ಲೇ ಟಿಶ್ಯೂ ಕಾಗದದ ಮೇಲೆ ಲೆಕ್ಕ ಹಾಕಿದೆವು. ಯಂತ್ರ ಹತ್ತು ಸೆಕೆಂಡಿಗೊಮ್ಮೆ ಗಾಳಿ ಪರೀಕ್ಷಿಸಿದರೆ ದಿನಕ್ಕೆ 8,640 ಸಲ. ಸಾವಿರಕ್ಕೆ ಒಂದೇ ಒಂದು ತಪ್ಪಿದರೂ ದಿನಕ್ಕೆ ಎಂಟೊಂಬತ್ತು ಸುಳ್ಳು ಕೂಗು. 99.9 ಅಂಕ ತಗೊಂಡರೂ ಫೇಲ್!

1991ರ ಕೊಲ್ಲಿ ಯುದ್ಧದಲ್ಲಿ ಆಗಿದ್ದೂ ಇದೇ. ಪತ್ತೆ ಯಂತ್ರಗಳು ಪದೇಪದೇ ಸುಮ್ಮಸುಮ್ಮನೆ ಕೂಗಿ ಸೈನಿಕರಿಗೆ ಅವುಗಳ ಮೇಲಿನ ನಂಬಿಕೆಯೇ ಹೋಯ್ತು. ಅದೇ ವರ್ಷ ಮಾರ್ಚ್‌ನಲ್ಲಿ ಇರಾಕಿನ ಖಮಿಸಿಯಾದಲ್ಲಿ ಅಮೆರಿಕದ ಸೈನಿಕರು ಒಂದು ಶಸ್ತ್ರಾಗಾರವನ್ನು ಸ್ಫೋಟಿಸಿದರು. ಅದರಲ್ಲಿ ಸರಿನ್ ಎಂಬ ನರವಿಷದ ರಾಕೆಟ್‌ಗಳಿದ್ದವು ಅಂತ ಪೆಂಟಗನ್ ಒಪ್ಪಿಕೊಂಡಿದ್ದು 1996ರಲ್ಲಿ. "ಹೊಸ ವಿಷ ಹುಡುಕೋದಲ್ಲ ನನ್ನ ಕೆಲಸ. ಯಂತ್ರಕ್ಕೆ ಯಾವಾಗ ಬಾಯಿ ಮುಚ್ಕೊಂಡಿರಬೇಕು ಅಂತ ಕಲಿಸೋದು," ಅಂದಳು ಅಕ್ಕ.

ಇಂಥ ಕೆಲಸಕ್ಕೆ ದುಡ್ಡು ಎಲ್ಲಿಂದ? 1982ರ ಒಂದು ಕಾನೂನು ಇದೆ. ಸಂಶೋಧನೆಗೆ ಹೊರಗಿನವರಿಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಕೊಡುವ ಸರ್ಕಾರಿ ಇಲಾಖೆಗಳು ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೇ ಮೀಸಲಿಡಬೇಕು. ಆ ಪಾಲು ಈಗ ಶೇ. 3.2. ಎಸ್‌ಬಿಐಆರ್ ಅಂತ ಅದರ ಹೆಸರು. 500 ಜನರವರೆಗೆ ಇದ್ದರೆ ಇವರ ಲೆಕ್ಕದಲ್ಲಿ ಸಣ್ಣ ಕಂಪನಿ! ಮೊದಲ ಹಂತದಲ್ಲಿ ಆರು ತಿಂಗಳು, ವರ್ಷ, ಐಡಿಯಾ ನಡೆಯುತ್ತೋ ಇಲ್ಲವೋ ತೋರಿಸಬೇಕು. ಎರಡನೇ ಹಂತದಲ್ಲಿ ಸುಮಾರು ಎರಡು ವರ್ಷ, ಯಂತ್ರ ಮಾಡಿ ಕೊಡಬೇಕು. ಮೂರನೇ ಹಂತಕ್ಕೆ ಈ ಯೋಜನೆಯ ದುಡ್ಡಿಲ್ಲ, ನಿಮ್ಮ ಗಿರಾಕಿಯನ್ನು ನೀವೇ ಹುಡುಕಿಕೊಳ್ಳಿ. ನಮ್ಮಲ್ಲಿ ಸಬ್ಸಿಡಿ ಅಂದರೆ ಮೂಗು ಮುರಿಯುವವರು ಇದನ್ನು ನೋಡಬೇಕು. ಬಂಡವಾಳಶಾಹಿ ಅಮೆರಿಕದಲ್ಲೇ ಹೊಸ ಐಡಿಯಾದ ಮೊದಲ ನಷ್ಟವನ್ನು ಸರ್ಕಾರ ಹೊತ್ತುಕೊಳ್ಳುತ್ತೆ.

ಆಗ ಮಾತ್ರ ಹೊತ್ತುಕೊಳ್ಳುತ್ತಿತ್ತು ಅನ್ನಬೇಕಿತ್ತೇನೋ. ನಾನು ಹೋಗುವ ಹೊತ್ತಿಗೆ ಆ ಕಾನೂನಿನ ಅವಧಿ ಸೆಪ್ಟೆಂಬರ್ 30ಕ್ಕೆ ಮುಗಿದು ಹೋಗಿತ್ತು, ಸಂಸತ್ತು ನವೀಕರಿಸಿರಲಿಲ್ಲ. ಮೇಲಿಂದ ಸರ್ಕಾರಿ ಕಚೇರಿಗಳು ಬೇರೆ ಬಂದ್. ಅಕ್ಕನ ಕಂಪನಿಯ ಮೊದಲ ಹಂತ ಮುಗಿದಿತ್ತು, ಎರಡನೇ ಹಂತದ ಅರ್ಜಿ ಹೋಗಿತ್ತು, ಆದರೆ ಹೊಸದಾಗಿ ಯಾರಿಗೂ ಕೊಡುವಂತಿರಲಿಲ್ಲ. ಡಿಸೆಂಬರ್‌ವರೆಗೆ ಸಂಬಳಕ್ಕೆ ದುಡ್ಡಿದೆ ಅಂದಿದ್ದರಂತೆ ಬಾಸ್.

"ಇದೆಲ್ಲ ಯುದ್ಧದವರ ಕೆಲಸ ತಾನೇ ಅಕ್ಕಾ, ಔಷಧಿ ಕಂಪನಿಗೆ ಹೋಗಬಾರದಾ?" ಅಂತ ಕೇಳಿದೆ. ಅವಳು ನೇರವಾಗಿ ಉತ್ತರಿಸಲಿಲ್ಲ. "ಮಾವನಿಗೆ ರಾಯಚೂರಿನಲ್ಲಿ ಕಫ ಪರೀಕ್ಷೆ ಮಾಡಿಸಿದ್ರಲ್ಲ, ಸಿಬಿನಾಟ್ ಅಂತ, ನೆನಪಿದೆಯಾ?" ಅಂದಳು. ನೆನಪಿಲ್ಲದೇ ಏನು. ಎರಡು ಗಂಟೆಯೊಳಗೆ ಕ್ಷಯ ಅಂತ ಗೊತ್ತಾಗಿ, ಮರುದಿನವೇ ಮಾತ್ರೆ ಶುರು ಮಾಡಿದ್ದರು. ಆ ಪರೀಕ್ಷೆ ಸೆಫೀಡ್ ಅನ್ನೋ ಕಂಪನಿಯದು, 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು. 2001ರಲ್ಲಿ ಅಂತ್ರಾಕ್ಸ್ ಪುಡಿ ತುಂಬಿದ ಪತ್ರಗಳಿಂದ ಇಲ್ಲಿ ಐವರು ಸತ್ತ ಮೇಲೆ, ಅಂಚೆ ವಿಂಗಡಿಸುವ ಕೇಂದ್ರಗಳಲ್ಲಿ ಗಾಳಿ ಪರೀಕ್ಷಿಸುವ ಯಂತ್ರ ಕೂರಿಸಿದರು. ಅದರೊಳಗಿನ ಪರೀಕ್ಷೆಯೂ ಇದೇ ಸೆಫೀಡ್‌ನದು. ಅದೇ ತಂತ್ರದ ಕ್ಷಯ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2010ರಲ್ಲಿ.

ಸಂಜೆ ಹತ್ತಿರದ ಮ್ಯಾರಿನರ್ ಪಾಯಿಂಟ್ ಪಾರ್ಕಿಗೆ ಹೋದೆವು. ಎಡ್ಜ್‌ವುಡ್ ಕಡೆ ಬಂದರೆ ನೀವೂ ಹೋಗಿ, ಚೆನ್ನಾಗಿದೆ. ಸೇನೆಯ ಜಾಗದಲ್ಲಿ ಮನುಷ್ಯರ ಓಡಾಟ ಕಡಿಮೆ, ಹಾಗಾಗಿ ಈ ಸುತ್ತಲ್ಲಿ ಬಿಳಿತಲೆಯ ಹದ್ದುಗಳು ಬಹಳ. ದೋಣಿಯವರು ಮಾತ್ರ ಆ ದಡಕ್ಕೆ ಇಳಿಯುವಂತಿಲ್ಲ. ಸಿಡಿಯದ ಮದ್ದುಗುಂಡುಗಳು ಇನ್ನೂ ನೀರಿನಲ್ಲಿವೆ.

ಅಕ್ಕ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಒಂದು ಪಟ್ಟಿ ಬರೆಯುತ್ತಿದ್ದಳು. ಬಾಡಿಗೆಗೆ ತಂದಿರುವ ಯಾವ ಯಾವ ಉಪಕರಣ ವಾಪಸ್ ಕೊಟ್ಟರೆ ಇನ್ನೆಷ್ಟು ವಾರ ತಳ್ಳಬಹುದು ಅಂತ ಸೋಮವಾರ ಬಾಸ್‌ಗೆ ಹೇಳಬೇಕಿತ್ತು.