ಗೋಡೆ ತಟ್ಟಿ ನೋಡಿದ ಮೇಲೆ

ಮೈಸೂರಿನ ನಮ್ಮ ಮನೆಯನ್ನು ಅಪ್ಪ ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಇಟ್ಟಿಗೆಯ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ತಂಪು. ನಡುಮನೆಯ ಗೋಡೆ ಉಬ್ಬಿ ಉದುರತೊಡಗಿದಾಗ ಮೂವರು ಗಾರೆಯವರನ್ನು ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟೆ. ಎರಡೇ ದಿನದಲ್ಲಿ ಗೋಡೆ ನುಣ್ಣಗಾಯಿತು. ಎರಡನೇ ಮಳೆಗಾಲಕ್ಕೆ, ಬೆಂದ ರೊಟ್ಟಿ ಹೆಂಚು ಬಿಡುವ ಹಾಗೆ, ಸಿಮೆಂಟಿನ ಪದರ ಗೋಡೆ ಬಿಟ್ಟು ಎದ್ದಿತು.

ಹೋದ ದುಡ್ಡಿಗಿಂತ ನನ್ನನ್ನು ಕಾಡಿದ್ದು ಬೇರೆ. ಅಕ್ಕಿ ಕೊಳ್ಳುವಾಗ ಅಂಗೈಗೆ ಹಾಕಿಕೊಂಡು ನೋಡುವ ನಾನು, ಗಾರೆಯಲ್ಲಿ ಏನನ್ನು ನೋಡಬೇಕೆಂದು ಯಾರನ್ನೂ ಕೇಳಿರಲಿಲ್ಲ.

ಈ ಸಲ ಸಿಮೆಂಟು ಅಂಗಡಿಯ ಯಜಮಾನರನ್ನು ಕೇಳಿದೆ. "ಮೊನ್ನೆ ಮುಗಿಸಿದ ಮನೆ ತೋರಿಸಿದ್ರೆ ನೋಡ್ಬೇಡಿ ಅಮ್ಮ. ಮೂರು ಮಳೆಗಾಲ ಕಂಡ ಮನೆ ತೋರಿಸಿ ಅನ್ನಿ" ಎಂದರು. ಹಾಗೆ ನೋಡಲು ಹೋದ ಮನೆಯೊಂದರಲ್ಲಿ, ಮನೆಯವರ ಒಪ್ಪಿಗೆ ಪಡೆದು ನಾಣ್ಯದಿಂದ ಗೋಡೆ ತಟ್ಟಿದೆ. ಗಾರೆ ಗೋಡೆಗೆ ಕಚ್ಚಿಕೊಂಡಿದ್ದರೆ ಗಟ್ಟಿ ಸದ್ದು, ಬಿಟ್ಟಿದ್ದರೆ ಡೊಳ್ಳು ಸದ್ದು. ಅಲ್ಲಿ ಮೂಲೆಯಿಂದ ಮೂಲೆಗೆ ಒಂದೇ ಸದ್ದು ಬಂತು.

ಆ ಕೆಲಸ ಮಾಡಿದ್ದ ಮೇಸ್ತ್ರಿ ನಮ್ಮ ಮನೆಗೆ ಬಂದು ಗೋಡೆಗೆ ಕೈಯಿಟ್ಟು ನಿಂತರು. "ಒಳಗೆ ಸುಣ್ಣ, ಮೇಲೆ ಬರೀ ಸಿಮೆಂಟು. ಒಳಗಿನ ಥಂಡಿಗೆ ಹೊರಗೆ ಬರೋಕೆ ದಾರಿ ಇಲ್ಲ" ಎಂದರು. ದರ ಕೇಳಿದರೆ ಎರಡು ಲೆಕ್ಕ ಕೊಟ್ಟರು. ಹಳೆಯ ಗಾರೆ ಕೆತ್ತುವುದು ದಿನಗೂಲಿಗೆ, ಏಕೆಂದರೆ ಎಷ್ಟು ಉದುರುತ್ತದೋ ಕೆತ್ತುವ ತನಕ ಯಾರಿಗೂ ತಿಳಿಯದು. ಹೊಸ ಗಾರೆ ಚದರಡಿ ಲೆಕ್ಕಕ್ಕೆ. ಕಿಟಕಿಯ ಜಾಗವನ್ನು ಏಕೆ ಕಳೆದಿಲ್ಲ ಎಂದಾಗ, ಅದರ ಅಂಚು ತೀಡಲು ಬಯಲು ಗೋಡೆಗಿಂತ ಹೆಚ್ಚು ಹೊತ್ತು ಬೇಕು ಎಂದು ಅಂಚನ್ನೇ ತೋರಿಸಿದರು. ಹೇಳಿದ ಮೊತ್ತ ಮೊದಲಿನವರಿಗಿಂತ ಜಾಸ್ತಿ. ಆದರೆ ಪ್ರತಿ ರೂಪಾಯಿ ಎಲ್ಲಿಗೆ ಹೋಗುತ್ತದೆಂದು ನನಗೆ ಕಾಣುತ್ತಿತ್ತು. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಮೊದಲ ಎರಡು ದಿನ ಕರಣೆ ಚೀಲದಿಂದ ಹೊರಬರಲೇ ಇಲ್ಲ. ಸಡಿಲ ಗಾರೆ ಕೆತ್ತಿದರು, ಇಟ್ಟಿಗೆಯ ಸಂದು ಕೆದಕಿದರು, ದೂಳು ತೊಳೆದರು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆಂದು ಗೋಡೆ ನೆನೆಸಿದರು. ಅಂಗಳದಲ್ಲಿ ಒಬ್ಬ ಹೆಂಗಸು ಬೆಳಗಿನಿಂದ ಮರಳು ಜರಡಿ ಹಿಡಿಯುತ್ತಿದ್ದರು. ಗೋಡೆಯ ನುಣುಪಿಗೆ ಮೊದಲು ದುಡಿದ ಕೈ ಅವರದು. ನ್ಯಾಯವಾದ ದರವೆಂದರೆ ಅವರ ಕೂಲಿಯೂ ಅದರೊಳಗೆ ಸರಿಯಾಗಿ ಕೂತಿರಬೇಕು.

ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಕೈಗೆ ಬೇಕಾದಷ್ಟನ್ನೇ ಕಲಸುತ್ತಿದ್ದರು. ಟೀ ಕುಡಿದು ಬರುವಷ್ಟರಲ್ಲಿ ಬಿಗಿದ ಗಾರೆಗೆ ಮತ್ತೆ ನೀರು ಹುಯ್ಯಲಿಲ್ಲ, ಪಕ್ಕಕ್ಕೆ ಸುರಿದರು. ಗೋಡೆಗೆ ಹತ್ತಿದ ಗಾರೆ ಸುಮಾರು 12 ಮಿಲಿಮೀಟರ್ ದಪ್ಪ. ಅದರ ಹಿಂದೆ ನಡೆದದ್ದೆಲ್ಲ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಗಾರೆಯವರಿಗೆ ಕೊಡುವ ಹಣದಲ್ಲಿ ಈ ಕಾಣದ ಕೆಲಸಕ್ಕೂ ಪಾಲಿದೆ. ದರ ಇಳಿಸಿದಾಗ ಮೊದಲು ಕರಗುವುದೂ ಅದೇ.

ಹೊರಡುವಾಗ ಮೇಸ್ತ್ರಿ ಹೇಳಿದರು, "ಏಳು ದಿನ ನೀರು ಹಾಕೋದು ನಿಮ್ಮ ಕೆಲಸ ಅಮ್ಮ. ಅದು ತಪ್ಪಿದ್ರೆ ನಾನು ಮಾಡಿದ್ದೆಲ್ಲ ದಂಡ."

ನಂಬಿಕಸ್ಥರು ಬೇಕೆಂದು ಊರೆಲ್ಲ ಹುಡುಕಿದ್ದೆ. ಈಗ ಅವರ ಕೆಲಸ ನನ್ನನ್ನು ನಂಬಿ ಗೋಡೆಯ ಮೇಲಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಡೆ ನೆನೆಸಿದೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಎಂಟನೆಯ ದಿನ ಅವರು ಬಂದರು. ಬಾಕಿ ಹಣ ಮುಟ್ಟುವ ಮುನ್ನ ಗೋಡೆಗೆ ಕಿವಿ ಹತ್ತಿರ ತಂದು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು.

"ಚೆನ್ನಾಗಿ ನೀರು ಹಾಕಿದ್ದೀರಿ" ಎಂದರು.