ಹಾಜರಿ ಪುಸ್ತಕವೆಂಬ ತಕ್ಕಡಿ

ಅಳತೆಯಲ್ಲಿ ಕಡಿತಗೊಳಿಸುವವರನ್ನು ಎಚ್ಚರಿಸುವ 83ನೆಯ ಅಧ್ಯಾಯ ಅಲ್ ಮುತಫ್ಫಿಫೀನನ್ನು ಮಕ್ಕಳಿಗೆ ಓದಿಸುವಾಗ ನಮ್ಮ ಕಣ್ಣ ಮುಂದೆ ಬರುವುದು ಅಕ್ಕಿಯಂಗಡಿಯ ತಕ್ಕಡಿ. ದುಡಿಮೆಯ ಹೊತ್ತೂ ಅಳತೆಗೊಳಪಟ್ಟ ವಸ್ತುವೇ. ರಂಝಾನಿನ ಕೊನೆಯ ವಾರ ಬಟ್ಟೆಯಂಗಡಿಯ ಹುಡುಗ ರಾತ್ರಿ ಹನ್ನೊಂದರವರೆಗೂ ನಿಂತಿರುತ್ತಾನೆ. ಹಾಜರಿ ಪುಸ್ತಕದಲ್ಲಿ ಮಾತ್ರ ಎಂಟಕ್ಕೇ ಮನೆ ಸೇರಿರುತ್ತಾನೆ! ಮಿತಿ ಮೀರಿದ ದುಡಿಮೆಗೆ ಇಮ್ಮಡಿ ವೇತನವೆನ್ನುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೂ ಬರೆಯದ ಗಂಟೆ ಕಾಣಿಸದು.

ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃದ 282ನೆಯದು ಸಾಲವನ್ನು ಬರೆದಿಡುವ ಕುರಿತಾದುದು. ಕೊಡದೆ ಉಳಿದ ಕೂಲಿ ಸಾಲವಲ್ಲದೆ ಮತ್ತೇನು? ಬಿಟ್ಟುಹೋದ ಗಂಟೆ ಗೊತ್ತಾದ ದಿನವೇ, ಹಳೆಯ ಅಂಕಿಯನ್ನು ಅಳಿಸದೆ, ಪಕ್ಕದಲ್ಲಿ ತಿದ್ದಿ ಇಬ್ಬರೂ ಸಹಿ ಹಾಕಲಿ. ತಡವಾಗಿ ಬಂದುದನ್ನು ಕೆಲಸಗಾರನೂ ಮರೆಮಾಚದಿರಲಿ. ಬಾಕಿಯನ್ನು ಈದ್ ಇನಾಮಿನೊಳಗೆ ಸೇರಿಸಿಕೊಟ್ಟು ಲೆಕ್ಕ ಮುಗಿಸುವ ರೂಢಿಯನ್ನಂತೂ ನಾವು ಒಪ್ಪೆವು.