ಲೂಪ್ ಕೊಟ್ಟಿದ್ದೀನಿ, ನೋಡಿ ಸಾರ್

ಮಲೆನಾಡಿನ ನಮ್ಮ ಶಾಖೆಯೊಂದಕ್ಕೂ ಬೆಂಗಳೂರಿನ ಕಚೇರಿಗೂ ನಡುವೆ ಇದ್ದದ್ದು ಸೆಕೆಂಡಿಗೆ 9.6 ಕಿಲೋಬಿಟ್‌ನ ಲೀಸ್ಡ್ ಲೈನು. ಇವತ್ತಿನ ಮೊಬೈಲಿನ ಒಂದು ಫೋಟೊ ಆ ದಾರಿಯಲ್ಲಿ ದಾಟಲು ಗಂಟೆ ಹತ್ತಿರ ಬೇಕಾದೀತು. ಮಳೆಗಾಲದಲ್ಲಿ ಅದೂ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದೊಡನೆ ಮ್ಯಾನೇಜರ ಫೋನು: "ಲಿಂಕ್ ಇಲ್ಲ ಸಾರ್." ಸಂಜೆ ಹಟ್ಟಿಗೆ ಬಾರದ ಹಸುವಿನ ಸುದ್ದಿ ಹೇಳುವವರ ದನಿ.

ನಾವು ಮೊದಲು ಪಿಂಗ್ ಮಾಡುತ್ತಿದ್ದೆವು. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ, ಜಾಲ ಕೈಕೊಟ್ಟಿತೆಂದು ಒಂದು ಸಂಜೆ ಕೂತು ಬರೆದ ಪುಟ್ಟ ಪ್ರೋಗ್ರಾಮು ಅದು. ಇದೇ ತನ್ನ ಹೆಸರು ಉಳಿಸುತ್ತದೆಂದು ಗೊತ್ತಿದ್ದರೆ ಇನ್ನೊಂದೆರಡು ದಿನ ಕೆಲಸ ಮಾಡುತ್ತಿದ್ದೆ ಎಂದು ಆಮೇಲೆ ಬರೆದುಕೊಂಡರು, ಪುಣ್ಯಾತ್ಮ. "ಇದ್ದೀಯಾ?" ಎಂದು ಕೂಗಿ ಉತ್ತರಕ್ಕೆ ಕಾಯುವುದಷ್ಟೇ ಅದರ ಕಸುಬು. ಉತ್ತರ ಬಾರದಿದ್ದರೆ ಏಕೆ ಬರಲಿಲ್ಲವೆಂದು ಅದು ಹೇಳುವುದಿಲ್ಲ. ಅದನ್ನು ಹೇಳಲು ಅಲ್ಲೊಬ್ಬ ಲೈನ್‌ಮನ್ ಇದ್ದರು.

ಅವರ ಮುಖ ನಾನು ಕಂಡವನಲ್ಲ. ಕಂಡದ್ದೆಲ್ಲ ಕಿವಿಯಿಂದ: ಹೆಂಚಿನ ಮೇಲೆ ಸುರಿವ ಮಳೆ, ಒದ್ದೆ ಬೆಂಕಿಪೊಟ್ಟಣಕ್ಕೆ ಕಡ್ಡಿ ಮತ್ತೆಮತ್ತೆ ಗೀರುವ ಸದ್ದು, ಬೀಡಿ ಹತ್ತಿದ ಮೇಲಿನ ನಿಟ್ಟುಸಿರು. ಆಮೇಲೆ, "ಎಕ್ಸ್‌ಚೇಂಜಲ್ಲಿ ಲೂಪ್ ಕೊಟ್ಟಿದ್ದೀನಿ, ನೋಡಿ ಸಾರ್." ಬಂದ ಜೋಡಿ ತಂತಿಯನ್ನು ಹೋಗುವ ಜೋಡಿಗೆ ಕೂಡಿಸಿಬಿಟ್ಟರೆ ನಾವು ಕಳಿಸಿದ್ದು ನಮಗೇ ಮರಳಬೇಕು. ಸಂಕೇತ ಬಂತೆಂದು ತೋರಿಸುವ ಮೋಡೆಮಿನ ಸಿಡಿ ದೀಪ ಹೊತ್ತಿಕೊಂಡರೆ ಅಲ್ಲಿಯವರೆಗೆ ದಾರಿ ಸರಿ, ರೋಗ ಅದರಾಚೆ. ಅವರು ಸೈಕಲ್ಲೇರಿ ತಂತಿಗಳು ಕವಲೊಡೆಯುವ ಪಿಲ್ಲರಿಗೆ, ಅಲ್ಲಿಂದ ಡಿಪಿ ಬಾಕ್ಸಿಗೆ ಹೋಗುತ್ತಿದ್ದರು. ನಮ್ಮ ಯಂತ್ರಗಳು ಇನ್ನೂ ಯೋಚಿಸುತ್ತಿರುವಾಗ ಅವರು ಹ್ಯಾಂಡ್‌ಸೆಟ್ ಕಿವಿಗಿಟ್ಟು, "ಗೊರಗೊರ ಅಂತಿದೆ. ಜಾಯಿಂಟಿಗೆ ನೀರು ಹೊಕ್ಕಿದೆ" ಎಂದು ತೀರ್ಪು ಕೊಟ್ಟಾಗಿರುತ್ತಿತ್ತು.

ಜಾಯಿಂಟು ಒಣಗುವ ತನಕ ಮಾತು. ಅಡಿಕೆಗೆ ಕೊಳೆ ಬಂದದ್ದು, ಮಗಳಿಗೆ ನೋಡಿದ ಗಂಡು ಜಾತಕ ಕೂಡಿದರೂ ಒಪ್ಪದೇಹೋದದ್ದು. ನನ್ನ ಹೆಂಡತಿಯ ಮಂಡಿನೋವಿಗೆ ಯಾವುದೋ ಎಣ್ಣೆ ಹೇಳಿದ್ದರು. ಹೆಸರು ಕೇಳುವಷ್ಟರಲ್ಲಿ ದೀಪ ಹತ್ತಿತು, ಲಿಂಕ್ ಬಂತು, ಫೋನಿಟ್ಟೆವು. ಲಿಂಕ್ ಸರಿಯಿದ್ದ ದಿನ ಅವರಿಗೆ ಫೋನು ಮಾಡಲು ನನಗೆ ಕಾರಣವೇ ಸಿಗುತ್ತಿರಲಿಲ್ಲ.

ಈಗ ಅಲ್ಲಿಗೂ ಫೈಬರ್ ಬಂದಿದೆ. ದೂರು ಕೊಟ್ಟರೆ ಒಂದು ಉದ್ದನೆಯ ನಂಬರು ಬರುತ್ತದೆ. ನಂಬರಿಗೆ ಮಂಡಿನೋವಿನ ಮದ್ದು ಗೊತ್ತಿರುವುದಿಲ್ಲ. ಮೊನ್ನೆ ಮದುವೆಗೆಂದು ಆ ಕಡೆ ಹೋದವನು ಎಕ್ಸ್‌ಚೇಂಜಿನಲ್ಲಿ ಅವರನ್ನು ವಿಚಾರಿಸಿದೆ. ರಿಟೈರಾಗಿ ಬೆಂಗಳೂರಲ್ಲೇ ಮಗನ ಮನೆಯಲ್ಲಿದ್ದಾರಂತೆ. ನಂಬರು ಕೊಡಿ ಎಂದೆ.

"ಮೊಬೈಲ್ ಇಟ್ಕೊಂಡಿಲ್ಲ ಸಾರ್," ಎಂದ ಹುಡುಗ ನಗುತ್ತ. "ಜೀವಮಾನವೆಲ್ಲ ಕಿವಿಗೆ ಇಟ್ಕೊಂಡಿದ್ದಾಯ್ತು, ಸಾಕು ಅಂತಾರೆ."